‘ರೆಬೆಕಾ’ ಸ್ಟಿಕ್ಕರ್ ಕಿತ್ತು ಹಾಕಿದ ಮೇಲೆ

ಇಂಗ್ಲೆಂಡಿನ ಒಂದು ಸಣ್ಣ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ನನ್ನ ಕೆಲಸ. ಫಿಕ್ಷನ್ ಶೆಲ್ಫುಗಳನ್ನು ನಾನು ನೋಡಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಸಂಜೆ ಸೇರುವ ರೀಡಿಂಗ್ ಗ್ರೂಪೂ ನನ್ನದೇ. ಈ ಕೆಲಸದಲ್ಲಿ ನನಗೆ ಇವತ್ತಿಗೂ ಸಿಟ್ಟು ತರಿಸುವುದು ಡೆಡ್ ಸ್ಟಾಕ್ ಲಿಸ್ಟ್. ಹೆಡ್ ಆಫೀಸಿನಿಂದ ಸ್ಪ್ರೆಡ್‌ಶೀಟ್ ಬರುತ್ತದೆ. ಬಹಳ ದಿನದಿಂದ ಇಷ್ಯೂ ಆಗದ ಪುಸ್ತಕಗಳೆಲ್ಲ ಅದರಲ್ಲಿ ಕೆಂಪು. ಕೆಂಪು ಕಂಡದ್ದನ್ನು ಟ್ರಾಲಿಗೆ ಹಾಕಿ ವಿತ್‌ಡ್ರಾ ಮಾಡಬೇಕು. ಯಾಕೆ ಯಾರೂ ತೆಗೆದುಕೊಂಡಿಲ್ಲ ಅಂತ ಬರೆಯಲು ಅದರಲ್ಲಿ ಒಂದು ಕಾಲಂ ಕೂಡ ಇಲ್ಲ.

ಒಂದು ಸಲ ಆ ಲಿಸ್ಟಿನಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿ ಡಾಫ್ನಿ ಡು ಮೊರಿಯೆ ಅವರ ಅರ್ಧ ಸಾಲೇ ಬಂತು. ‘ರೆಬೆಕಾ’ ಇರಲಿಲ್ಲ ಬಿಡಿ, ದೊಡ್ಡ ಮನೆಯೊಂದರ ರಹಸ್ಯದ ಆ ಪ್ರಸಿದ್ಧ ಕಾದಂಬರಿ ಶೆಲ್ಫಿನಲ್ಲಿ ನಿಲ್ಲುವುದೇ ಅಪರೂಪ. ‘ಜಮೈಕಾ ಇನ್’, ‘ಮೈ ಕಸಿನ್ ರೇಚಲ್’ ಕೂಡ ಓಡಾಡುತ್ತಲೇ ಇರುತ್ತವೆ. ಕೆಂಪಾಗಿದ್ದದ್ದು ‘ದಿ ಪ್ಯಾರಸೈಟ್ಸ್’, ‘ದಿ ಸ್ಕೇಪ್‌ಗೋಟ್’, ‘ದಿ ಹೌಸ್ ಆನ್ ದಿ ಸ್ಟ್ರ್ಯಾಂಡ್’, ‘ಹಂಗ್ರಿ ಹಿಲ್’, ‘ರೂಲ್ ಬ್ರಿಟಾನಿಯಾ’. ಇವುಗಳಲ್ಲಿ ಕೆಲವು ‘ರೆಬೆಕಾ’ಗಿಂತ ಒಳ್ಳೆಯ ಪುಸ್ತಕಗಳು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸುಮ್ನೆ ಹೊರಗೆ ಹಾಕಲು ಮನಸ್ಸು ಬರಲಿಲ್ಲ. ಒಂದಿಷ್ಟು ತಿಂಗಳು ಟೈಮ್ ಕೊಡಿ ಅಂತ ಮ್ಯಾನೇಜರ್ ಹತ್ತಿರ ಕೇಳಿದೆ. “ಸರಿ, ಆದರೆ ನಂಬರ್ ತೋರಿಸಬೇಕು” ಅಂದರು.

ನಂಬರ್ ಬರಲು ಹೆಡ್ ಆಫೀಸಿನವರ ಹತ್ತಿರ ಒಂದು ಉಪಾಯ ಸಿದ್ಧವಾಗಿಯೇ ಇತ್ತು. ಗುಂಡನೆಯ ಹಳದಿ ಸ್ಟಿಕ್ಕರುಗಳು. “‘ರೆಬೆಕಾ’ ಬರೆದವರ ಇನ್ನೊಂದು ರೋಚಕ ಕಾದಂಬರಿ” ಅಂತ ಅದರ ಮೇಲೆ. ಎಲ್ಲ ಪುಸ್ತಕಗಳಿಗೂ ಅಂಟಿಸಿ, ಮುಖಪುಟ ಕಾಣುವ ಹಾಗೆ ಬಾಗಿಲ ಹತ್ತಿರದ ಡಿಸ್‌ಪ್ಲೇಯಲ್ಲಿ ನಿಲ್ಲಿಸಿದೆವು. ಇಷ್ಯೂ ತಕ್ಷಣ ಏರಿತು. ಮ್ಯಾನೇಜರ್ ಖುಷಿಯಾದರು.

ಆದರೆ ರಿಟರ್ನ್ಸ್ ಟ್ರಾಲಿ ಖಾಲಿ ಮಾಡುವವರಿಗೆ ಬೇರೆಯೇ ಕತೆ ಕಾಣುತ್ತದೆ. ಪುಸ್ತಕಗಳು ಎರಡು ಮೂರು ದಿನಕ್ಕೇ ವಾಪಸ್ ಬರುತ್ತಿದ್ದವು. ಪುಸ್ತಕ ಇಷ್ಯೂ ಮಾಡುವ ಮೆಷೀನಿನ ರಸೀದಿ ಶುರುವಿನ ಪುಟಗಳಲ್ಲೇ ಸಿಕ್ಕಿಕೊಂಡಿರುತ್ತಿತ್ತು. ಅಷ್ಟಕ್ಕೇ ಓದು ನಿಂತಿದೆ ಅಂತ ಅರ್ಥ. “‘ರೆಬೆಕಾ’ದ ಆ ದೊಡ್ಡ ಮನೆ ಎಲ್ಲಿ?” ಅಂತ ಒಬ್ಬರು ಕೌಂಟರಿನಲ್ಲಿ ಕೇಳಿದರು. “ಇದು ಅವರೇ ಬರೆದದ್ದಾ?” ಅಂತ ಇನ್ನೊಬ್ಬರು. ಸ್ಪ್ರೆಡ್‌ಶೀಟಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಅರ್ಧಕ್ಕೆ ಬಿಟ್ಟ ಪುಸ್ತಕವೂ ಒಂದು ಇಷ್ಯೂ, ಮನೆಯವರೆಲ್ಲ ಕೂತು ಓದಿದ ಪುಸ್ತಕವೂ ಒಂದೇ ಇಷ್ಯೂ.

ಡು ಮೊರಿಯೆ ಅವರಿಗೆ ಈ ತೊಂದರೆ ಬದುಕಿದ್ದಾಗಲೇ ಇತ್ತು. ‘ರೆಬೆಕಾ’ ಬಂದದ್ದು 1938ರಲ್ಲಿ, ಆಗ ಅವರಿಗೆ 31 ವರ್ಷ. ಕೊನೆಯ ಕಾದಂಬರಿ ಬಂದದ್ದು 1972ರಲ್ಲಿ. ನಡುವೆ ಬರೆದದ್ದನ್ನೆಲ್ಲ ಜನ ಆ ಒಂದು ಪುಸ್ತಕದ ಪಕ್ಕ ಇಟ್ಟೇ ಅಳೆದರು. ಸಾಲದ್ದಕ್ಕೆ ಅವರ ಕತೆಗಳ ಸಿನಿಮಾಗಳು ಬೇರೆ. ನಿರ್ದೇಶಕ ಹಿಚ್‌ಕಾಕ್ 1939ರಲ್ಲಿ ‘ಜಮೈಕಾ ಇನ್’, 1940ರಲ್ಲಿ ‘ರೆಬೆಕಾ’, 1963ರಲ್ಲಿ ‘ದಿ ಬರ್ಡ್ಸ್’ ಮಾಡಿದರು. ಆ ಸಿನಿಮಾ ನೋಡಿ ಬಂದವರ ಕೈಗೆ ‘ದಿ ಪ್ಯಾರಸೈಟ್ಸ್’ ಕೊಟ್ಟರೆ ಏನಾಗುತ್ತದೆ? ಟಿ.ಕೆ. ರಾಮರಾವ್ ಅಂದರೆ ಪತ್ತೇದಾರಿ ಅಂದುಕೊಂಡು ‘ಬಂಗಾರದ ಮನುಷ್ಯ’ ತೆಗೆದವರು ಕೊಲೆ ಎಲ್ಲಿ ಅಂತ ಹುಡುಕಿದ ಹಾಗಾಗುತ್ತದೆ.

‘ದಿ ಪ್ಯಾರಸೈಟ್ಸ್’ (1949) ಚರ್ಚೆಗೆ ಇಟ್ಟ ಸಂಜೆ ಮ್ಯಾನೇಜರ್ ಕೂಡ ಬಂದಿದ್ದರು. ಗ್ರೂಪಿನವರಿಗೆಲ್ಲ ಒಂದೇ ಪುಸ್ತಕದ ಪ್ರತಿಗಳನ್ನು ಕೊಡುವ ಸೆಟ್ಟುಗಳಿಗೆ ದುಡ್ಡು ಮುಂದುವರಿಸಬೇಕೋ ಬೇಡವೋ ಅನ್ನುವ ತೀರ್ಮಾನ ಅವರದು. ಹಿಂದಿನ ಕುರ್ಚಿಯಲ್ಲಿ ನೋಟ್‌ಬುಕ್ ಬಿಚ್ಚಿಕೊಂಡು ಕೂತರು.

ಪುಸ್ತಕದ ಕತೆ ಇಷ್ಟು. ನಾಟಕ, ಸಂಗೀತದ ಮನೆಯಲ್ಲಿ ಬೆಳೆದ ಮೂವರು, ಮರಿಯಾ, ನೀಲ್, ಸೀಲಿಯಾ. ತಂದೆ ಹಾಡುಗಾರ, ತಾಯಿ ನರ್ತಕಿ. ಮಳೆ ಸುರಿಯುವ ಒಂದು ಭಾನುವಾರ ಮಧ್ಯಾಹ್ನ ಮರಿಯಾಳ ಗಂಡ ಚಾರ್ಲ್ಸ್ ಅವರನ್ನು ‘ಪರಾವಲಂಬಿಗಳು’ ಅಂತ ಜರೆಯುತ್ತಾನೆ. ಆ ಮಾತು ಹಿಡಿದುಕೊಂಡು ಮೂವರೂ ತಮ್ಮ ಬಾಲ್ಯದಿಂದ ಇಲ್ಲಿಯವರೆಗಿನದನ್ನು ತಿರುವಿಹಾಕುತ್ತಾರೆ. ಕತೆ ಹೇಳುವುದು ‘ನಾವು’. ಆದರೆ ಆ ಮೂವರಲ್ಲಿ ಮಾತಾಡುತ್ತಿರುವುದು ಯಾರು ಅಂತ ಪುಸ್ತಕ ಬಿಟ್ಟುಕೊಡುವುದಿಲ್ಲ.

ಶುರುವಿನಲ್ಲೇ ಒಬ್ಬರು ಪುಸ್ತಕವನ್ನು ಮೇಜಿನ ಮೇಲೆ ಕವುಚಿ ಇಟ್ಟರು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಒಂದು ಪುಟವನ್ನೂ ಬಿಡದೆ ಓದುವವರು. ಸ್ಟಿಕ್ಕರಿನ ಮೇಲೆ ಬೆರಳಿಟ್ಟು, “ರೋಚಕ ಅಂತ ಇಲ್ಲಿ ಬರೆದಿದ್ದೀರಿ. ರಹಸ್ಯ ಯಾವಾಗ ಬಿಚ್ಚಿಕೊಳ್ಳುತ್ತದೆ ಅಂತ ಕೊನೆಯ ಪುಟದವರೆಗೂ ಕಾದೆ. ಇದು ನನಗೆ ಮಾಡಿದ ಮೋಸ ಅಲ್ವಾ?” ಅಂದರು. ಪಕ್ಕದವರು ತಲೆಯಾಡಿಸಿದರು. ಇನ್ನಿಬ್ಬರು ತಾವು ಅರ್ಧಕ್ಕೇ ಬಿಟ್ಟದ್ದಾಗಿ ಹೇಳಿದರು. “ಈ ಮೂವರೂ ಸೋಮಾರಿಗಳು, ಇವರ ಗೋಳು ನನಗೆ ಯಾಕೆ ಬೇಕು” ಅಂತ ಒಂದು ದನಿ. ಆಮೇಲೆ ಯಾರೂ ಮಾತಾಡಲಿಲ್ಲ. ಹಿಂದೆ ಮ್ಯಾನೇಜರ್ ಪೆನ್ನು ಓಡುವ ಸದ್ದು ಮಾತ್ರ ಕೇಳಿಸುತ್ತಿತ್ತು. ಪುಸ್ತಕದ ಪರವಾಗಿ ಮಾತಾಡಲು ನನ್ನ ಹತ್ತಿರ ಬೇಕಾದಷ್ಟಿತ್ತು. ಆದರೆ ಆ ಮನುಷ್ಯ ಹೇಳಿದ್ದು ನ್ಯಾಯವಾಗಿಯೇ ಇತ್ತು. ಅವರ ಸಿಟ್ಟು ಪುಸ್ತಕದ ಮೇಲಲ್ಲ, ನಾವು ಕೊಟ್ಟ ಮಾತಿನ ಮೇಲೆ.

ಆಗ ಮಾತಾಡಿದ್ದು ಗೋಡೆ ಪಕ್ಕದ ಕುರ್ಚಿಯ ಹೆಂಗಸು. ಚಳಿಗಾಲದಲ್ಲಿ ಜೊತೆ ಸಿಗುತ್ತದೆ ಅಂತ ಬರುತ್ತಾರೆ, ಪುಸ್ತಕ ಓದಿರುವುದಿಲ್ಲ ಅಂತ ನಾನು ತಿಳಿದುಕೊಂಡಿದ್ದೆ. ಅವರ ಪ್ರತಿಯಲ್ಲಿ ಪುಟಪುಟಕ್ಕೂ ಕಾಗದದ ಚೂರುಗಳು ಸಿಕ್ಕಿಸಿದ್ದವು. “ನಮ್ಮ ಮನೆಯಲ್ಲೂ ಮೂವರು ಮಕ್ಕಳು. ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡದ್ದು ನಾನೊಬ್ಬಳೇ. ಈಗ ಮೂವರೂ ಸೇರಿದರೆ ‘ನಾವು ಅಪ್ಪನನ್ನು ನೋಡಿಕೊಂಡೆವು’ ಅಂತಾರೆ. ಇಲ್ಲಿ ಸೀಲಿಯಾಳ ಪಾಡೂ ಅದೇ” ಅಂದರು. ಒಂದು ಚೂರು ತೆಗೆದು, ಸೀಲಿಯಾ ತಂದೆಯ ಸೇವೆಯಲ್ಲೇ ವಯಸ್ಸು ಕಳೆಯುವ ಭಾಗ ಓದಿದರು. ಅಲ್ಲೂ ಕತೆ ಹೇಳುತ್ತಿರುವುದು ‘ನಾವು’ ಎಂಬ ದನಿ. “ಇದರಲ್ಲಿ ರಹಸ್ಯ ಇಲ್ಲ ಅಂದಿರಲ್ಲ, ಈ ದನಿಯಲ್ಲಿ ಯಾರು ಬಚ್ಚಿಟ್ಟುಕೊಂಡಿದ್ದಾರೆ ಅನ್ನುವುದೇ ರಹಸ್ಯ.”

ರೈಲ್ವೆಯವರು ಕವುಚಿಟ್ಟ ಪುಸ್ತಕ ಮತ್ತೆ ಎತ್ತಿಕೊಂಡರು. ಒಪ್ಪಿಕೊಳ್ಳಲಿಲ್ಲ, ವಾದಕ್ಕಿಳಿದರು. ಹೇಳುತ್ತಿರುವುದು ನೀಲ್ ಅಂತ ಅವರ ಪಟ್ಟು. ಮರಿಯಾ ಅಂತ ಇನ್ನೊಬ್ಬರು. ಮೂವರನ್ನೂ ಹೊರಗಿನಿಂದ ನೋಡುವ ಸಾಲುಗಳನ್ನು ಹುಡುಕಿ ಹುಡುಕಿ ಓದಿದರು. ಮುಚ್ಚುವ ಹೊತ್ತು ದಾಟಿತು, ಕೇರ್‌ಟೇಕರ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎದ್ದು ಹೋಗುವಾಗ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: “ಆ ಸ್ಟಿಕ್ಕರ್ ತೆಗೆಯಿರಿ.”

ಮರುದಿನ ಬೆಳಿಗ್ಗೆ ಕಿತ್ತೆ. ಅಂಟು ಎಷ್ಟು ಕೆಟ್ಟದಾಗಿತ್ತು ಅಂದರೆ ಒಂದೆರಡು ಕಡೆ ಮುಖಪುಟದ ಬಣ್ಣವೇ ಎದ್ದುಬಂತು. ಅದರ ಬದಲು ಪ್ರತಿ ಪುಸ್ತಕಕ್ಕೂ ಕೈಯಲ್ಲಿ ಬರೆದ ಒಂದು ಕಾರ್ಡ್. ಪುಸ್ತಕ ಏನು, ಏನಲ್ಲ, ಎರಡನ್ನೂ ಬರೆಯುವುದು. ಲೇಖಕಿಯ ಬೇರೆ ಪುಸ್ತಕದ ಹೆಸರು ಹೇಳುವ ಹಾಗಿಲ್ಲ.

‘ದಿ ಸ್ಕೇಪ್‌ಗೋಟ್’ (1957) ಕಾರ್ಡಿನಲ್ಲಿ ಹೀಗೆ ಬರೆದೆ: “ಒಂಟಿ ಇಂಗ್ಲಿಷ್ ಮೇಷ್ಟರಿಗೆ ಫ್ರಾನ್ಸಿನಲ್ಲಿ ತನ್ನ ತದ್ರೂಪಿ ಸಿಗುತ್ತಾನೆ. ಬೆಳಿಗ್ಗೆ ಎದ್ದರೆ ತದ್ರೂಪಿಯ ಬಟ್ಟೆ, ತದ್ರೂಪಿಯ ಸಂಸಾರ. ನಂಬಲು ಕಷ್ಟವಾಗಬಹುದು, ಐವತ್ತು ಪುಟ ತಾಳಿಕೊಳ್ಳಿ.” ತಾಳಿಕೊಂಡರು. ಹೆಂಡತಿ, ತಾಯಿ, ಮಗಳು ಯಾರಿಗೂ ಗೊತ್ತಾಗಲಿಲ್ಲ ಅಂದರೆ ಹೇಗೆ ಅಂತ ಬಹಳ ಜನ ಕೇಳಿದರು. ನಾಯಿಗೆ ಗೊತ್ತಾಗುತ್ತದಲ್ಲ, ಅಷ್ಟು ಸಾಕು ಅಂತ ನಾಯಿ ಸಾಕಿದವರು ಉತ್ತರ ಕೊಟ್ಟರು. ಡು ಮೊರಿಯೆ ಪೂರ್ವಿಕರು ಫ್ರಾನ್ಸಿನಲ್ಲಿ ಗಾಜು ಊದುವ ಕಸುಬಿನವರು. ಕಾದಂಬರಿಯಲ್ಲಿ ಮುಳುಗುತ್ತಿರುವ ಗಾಜಿನ ಕಾರ್ಖಾನೆಯೊಂದು ಬರುತ್ತದೆ. ಒಂದು ಕಾಲಕ್ಕೆ ಫ್ಯಾಕ್ಟರಿ ಲೆಕ್ಕ ಬರೆಯುತ್ತಿದ್ದ ಓದುಗರೊಬ್ಬರಿಗೆ ಸಂಸಾರದ ಗುಟ್ಟುಗಳಿಗಿಂತ ಆ ಕಾರ್ಖಾನೆ ಉಳಿಯುತ್ತದಾ ಇಲ್ಲವಾ ಅನ್ನುವುದೇ ಜಾಸ್ತಿ ಕಾಡಿತು. ಕೊನೆಯ ಬಗ್ಗೆ ಎಲ್ಲರಿಗೂ ಸಿಟ್ಟಿತ್ತು. ಅದು ಒಳ್ಳೆಯ ಸಿಟ್ಟು, ಪಾತ್ರಗಳನ್ನು ಹಚ್ಚಿಕೊಂಡವರ ಸಿಟ್ಟು.

‘ದಿ ಹೌಸ್ ಆನ್ ದಿ ಸ್ಟ್ರ್ಯಾಂಡ್’ (1969) ಓದಿದವರು ಎರಡು ಪಂಗಡವಾದರು. ಡಿಕ್ ಎಂಬವನು ಪ್ರೊಫೆಸರ್ ಗೆಳೆಯ ಕೊಟ್ಟ ಔಷಧಿ ಕುಡಿದು ಇಂಗ್ಲೆಂಡಿನ ನೈಋತ್ಯ ತುದಿಯ, 14ನೇ ಶತಮಾನದ ಕಾರ್ನ್‌ವಾಲ್‌ಗೆ ಹೋಗುತ್ತಾನೆ. ಹೋಗುವುದು ಮನಸ್ಸು ಮಾತ್ರ. ದೇಹ ಇಂದಿನ ರಸ್ತೆ, ರೈಲುಹಳಿಗಳ ನಡುವೆ ಅಡ್ಡಾಡುತ್ತಿರುತ್ತದೆ. ಹಳೆಯ ಕಾಲ ಇಷ್ಟಪಟ್ಟವರು ಮ್ಯಾಪ್ ತಂದು ಕತೆಯಲ್ಲಿ ಬರುವ ಟೈವಾರ್ಡ್ರೆತ್ ಊರು ಹುಡುಕಿದರು. ಉಳಿದವರು ಅವನ ಹೆಂಡತಿ ವೀಟಾಳ ಪರ ನಿಂತರು. ಅವಳು ಕಿರಿಕಿರಿ ಅಂತ ಕತೆ ಹೇಳುವ ಡಿಕ್ ಗೊಣಗುತ್ತಾನೆ. “ಅವಳು ಕೇಳುವುದು ಎಲ್ಲಿಗೆ ಹೋಗಿದ್ದೆ ಅಂತ ಅಷ್ಟೇ. ಕುಡುಕನ ಮನೆಯಲ್ಲಿ ಇದ್ದವರಿಗೆ ಈ ಮಾತು ಗೊತ್ತು” ಅಂತ ನಿವೃತ್ತ ನರ್ಸ್ ಒಬ್ಬರು ಹೇಳಿದರು. ಆ ಮೇಲೆ ಆ ಪುಸ್ತಕವನ್ನು ನಾನೂ ಬೇರೆ ಥರ ಓದಿದೆ. ಎಲ್ಲರ ದೂರು ಮಾತ್ರ ಒಂದೇ, ಕಾರ್ಮಿನೋ, ಶಾಂಪರ್ನೋನ್ ಅಂತ ಹೆಸರುಗಳ ಗೊಂದಲ. ಯಾರೋ ರಸೀದಿಯ ಹಿಂದೆ ತಮಗೆ ತಿಳಿದ ಹಾಗೆ ವಂಶವೃಕ್ಷ ಬರೆದು ಪುಸ್ತಕದಲ್ಲೇ ಬಿಟ್ಟಿದ್ದರು. ಮುಂದಿನ ಓದುಗರು ಪೆನ್ಸಿಲ್ಲಿನಲ್ಲಿ ಒಂದು ಮದುವೆ ತಿದ್ದಿ, ಇನ್ನೊಂದು ಕೊಂಬೆ ಸೇರಿಸಿದ್ದರು. ಅದನ್ನು ತೆಗೆದು ಎಸೆಯದೆ ಮುಖಪುಟದ ಒಳಗೆ ಅಂಟಿಸಿದ್ದೇನೆ.

‘ರೂಲ್ ಬ್ರಿಟಾನಿಯಾ’ಗೆ ಕಾರ್ಡು ಬೇಕಾಗಲಿಲ್ಲ. ಬ್ರಿಟನ್ ಯುರೋಪಿನ ಕೂಟ ಬಿಟ್ಟು ಅಮೆರಿಕದ ಜೊತೆ ಸೇರಿಕೊಳ್ಳುತ್ತದೆ, ಕಾರ್ನ್‌ವಾಲ್‌ಗೆ ಅಮೆರಿಕದ ಮರೀನ್ ಸೈನಿಕರು ಬಂದಿಳಿಯುತ್ತಾರೆ. 80ರ ಹತ್ತಿರದ ಒಬ್ಬ ಮಾಜಿ ನಟಿ ತಾನು ಸಾಕಿದ ಹುಡುಗರನ್ನು ಕಟ್ಟಿಕೊಂಡು ಎದುರು ನಿಲ್ಲುತ್ತಾಳೆ. ಇದು ಬಂದದ್ದು 1972ರಲ್ಲಿ, ಬ್ರಿಟನ್ ಆ ಕೂಟಕ್ಕೆ ಸೇರಿದ್ದೇ 1973ರ ಜನವರಿಯಲ್ಲಿ. ಯುರೋಪಿನ ಕೂಟ ಬಿಡಬೇಕೋ ಬೇಡವೋ ಅನ್ನುವ 2016ರ ಬ್ರೆಕ್ಸಿಟ್ ಜನಮತದಲ್ಲಿ ಎರಡೂ ಕಡೆ ವೋಟು ಹಾಕಿದವರು ಇದನ್ನು ತಮ್ಮ ಪುಸ್ತಕ ಅಂತಾರೆ. ಕಾದಂಬರಿಯಾಗಿ ಅದು ಅಷ್ಟೇನೂ ಗಟ್ಟಿಯಿಲ್ಲ. ಆದರೂ ಕೆಂಪು ಲಿಸ್ಟಿಗೆ ಸೇರುವ ಪುಸ್ತಕ ಖಂಡಿತ ಅಲ್ಲ.

‘ಹಂಗ್ರಿ ಹಿಲ್’ (1943) ಮಾತ್ರ ಕೈತಪ್ಪಿತು. ಐರ್ಲೆಂಡಿನ ತಾಮ್ರದ ಗಣಿ, ಒಂದೇ ಮನೆತನದ ಐದು ತಲೆಮಾರು. ನಾನು ರಜೆಯಲ್ಲಿದ್ದಾಗ ಲಿಸ್ಟ್ ಪ್ರಕಾರ ಅದು ಸೇಲ್ ಟ್ರಾಲಿಗೆ ಹೋಗಿ ಮಾರಾಟವಾಗಿತ್ತು. ಸ್ವಲ್ಪ ದಿನಕ್ಕೇ ಐರಿಶ್ ಮೂಲದ ಹಿರಿಯರೊಬ್ಬರು ಅದನ್ನೇ ರಿಸರ್ವ್ ಮಾಡಲು ಬಂದರು. ಬೇರೆ ಕೌಂಟಿಯ (ಜಿಲ್ಲೆಯ) ಲೈಬ್ರರಿಯಿಂದ ತರಿಸಬೇಕಾಯಿತು, ಅವರು ಫೀಸ್ ಕಟ್ಟಬೇಕಾಯಿತು. ನಮ್ಮದೇ ಶೆಲ್ಫಿನಲ್ಲಿದ್ದ ಪುಸ್ತಕ. ಈ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ಈಗ ಕೈಯಲ್ಲಿರುವುದು ‘ಜೂಲಿಯಸ್’. ಇದು ಮೊದಲು ಬಂದದ್ದು 1933ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ. ನಾಯಕ ಯಹೂದಿ, ಹಣದಾಹದ ಕ್ರೂರಿ. ಚಿತ್ರಣ ಆ ಕಾಲದ ಯಹೂದಿ ದ್ವೇಷದ ಅಚ್ಚಿನಲ್ಲೇ ಇದೆ. ಸೆಟ್ ಸುಲಭವಾಗಿ ಸಿಗುತ್ತದೆ, ಗ್ರೂಪಿಗೆ ಇಡಿ ಅಂತ ಸೂಚನೆ ಬಂತು. ನಾನು ಆಗುವುದಿಲ್ಲ ಅಂದೆ. ಶೆಲ್ಫಿನಲ್ಲಿ ಇಟ್ಟಿದ್ದೇನೆ, ಒಳಗೆ ಏನಿದೆ ಅಂತ ಕಾರ್ಡಿನಲ್ಲಿ ನೇರವಾಗಿ ಬರೆದಿದ್ದೇನೆ. ಆದರೂ ಓದಿದ ಒಬ್ಬರು ಕೈ ನಡುಗುತ್ತಾ ವಾಪಸ್ ತಂದುಕೊಟ್ಟರು, ಇದನ್ನು ತೆಗೆದುಹಾಕಿ ಅಂತ ಫಾರ್ಮ್ ತುಂಬಿದರು. ಆ ಫಾರ್ಮ್ ಹೆಡ್ ಆಫೀಸಿಗೆ ಹೋಗಿದೆ. ಜೊತೆಗೆ ನಾನೂ ಒಂದು ಪುಟ ಬರೆದು ಕಳಿಸಿದ್ದೇನೆ. ಅವರ ಸಿಟ್ಟು ಸರಿ, ಪುಸ್ತಕವನ್ನೂ ಉಳಿಸಿಕೊಳ್ಳಬೇಕು ಅಂತ. ಉತ್ತರ ಇನ್ನೂ ಬಂದಿಲ್ಲ.