ಸ್ಟಾಫರ್ಡ್ ಗ್ಯಾಂಬಿಟ್: 7.ಸಿ3 ಹತ್ತಿರದ ಗಂಟು ಕಡೆಗೂ ಬಿಚ್ಚಿತು

ಸ್ಟಾಫರ್ಡ್ ಗ್ಯಾಂಬಿಟ್ ಎಂದರೆ ಚೆಸ್ ಆಟದ ಆರಂಭದಲ್ಲೇ ಕಪ್ಪು ಒಂದು ಪಾನ್ ಬಲಿಕೊಟ್ಟು ದಾಳಿಗಿಳಿಯುವ ಪಟ್ಟು. ಅದರ ತೀರ್ಪು ಮೊದಲೇ ಹೇಳಿಬಿಡುತ್ತೇನೆ (ಕೆಳಗಿನ ನಡೆಗಳಲ್ಲಿ × ಎಂದರೆ ಹೊಡೆತ, + ಎಂದರೆ ಚೆಕ್, ! ಒಳ್ಳೆ ನಡೆ, ? ಕೆಟ್ಟ ನಡೆ). 1.ಇ4 ಇ5 2.ಕುದುರೆ ಎಫ್3 ಕುದುರೆ ಎಫ್6 3.ಕುದುರೆ×ಇ5 ಕುದುರೆ ಸಿ6 4.ಕುದುರೆ×ಸಿ6 ಡಿ×ಸಿ6 ಆದಮೇಲೆ ಕಪ್ಪು ಕೊಟ್ಟ ಪಾನ್‌ಗೆ ತಕ್ಕ ಬೆಲೆ ಬರುವುದಿಲ್ಲ. ಕೆಲವೇ ನಿಮಿಷಗಳ ಬ್ಲಿಟ್ಜ್ ಆಟದಲ್ಲಿ ಇದರಿಂದಲೇ ರೇಟಿಂಗ್ ಏರಿಸಿಕೊಂಡವರು ಸಿಟ್ಟಾಗಬೇಡಿ, ಆ ಪಾಯಿಂಟನ್ನು ಯಾರೂ ವಾಪಸ್ ಕೇಳುವುದಿಲ್ಲ.

5.ಡಿ3 ಒಂಟೆ ಸಿ5 ತನಕ ವಿವರಣೆ ಬೇಡ. 6.ಒಂಟೆ ಜಿ5? ಕುದುರೆ×ಇ4! 7.ಒಂಟೆ×ಡಿ8 ಒಂಟೆ×ಎಫ್2+ 8.ರಾಜ ಇ2 ಒಂಟೆ ಜಿ4 ಮೇಟ್. ಚೆಸ್ ಆಟಗಾರ, ಯೂಟ್ಯೂಬರ್ ಎರಿಕ್ ರೋಸೆನ್ ವಿಡಿಯೊಗಳ ದಯೆಯಿಂದ ಇದು ಎಲ್ಲರಿಗೂ ಬಾಯಿಪಾಠ. 5.ಇ5 ಕುದುರೆ ಇ4 6.ಡಿ3? ಒಂಟೆ ಸಿ5! ಕೂಡ ಅದೇ ಜಾತಿ: ಕುದುರೆಯನ್ನು ಹೊಡೆದರೆ ಎಫ್2ರಲ್ಲಿ ಚೆಕ್, ಹಿಂದೆಯೇ ರಾಣಿ ಹೋಯಿತು. ದುಡ್ಡು ಕೊಟ್ಟು ತರಿಸಿದ ಕೋರ್ಸೊಂದರಲ್ಲಿ ಮುಕ್ಕಾಲು ಪಾಲು ಈ ಎರಡು ಬಲೆಗಳೇ. 5.ಡಿ3 ಆಡಿದಮೇಲಿನ 6.ಒಂಟೆ ಇ2ಗೆ ಸಿಕ್ಕಿದ್ದು ಒಂದೇ ಸಾಲು, ಕಪ್ಪಿಗೆ ದಾಳಿ ಇದೆಯಂತೆ. ರಿಫಂಡ್ ಕೇಳಿದ್ದಕ್ಕೆ ಮುಂದಿನ ಕೋರ್ಸಿನ ಡಿಸ್ಕೌಂಟ್ ಕೂಪನ್ ಕಳಿಸಿದರು.

ತಲೆ ತಿಂದದ್ದು ಆ ಒಂದು ಸಾಲೇ. 5.ಡಿ3 ಒಂಟೆ ಸಿ5 6.ಒಂಟೆ ಇ2 ಎಚ್5 ಆದಮೇಲೆ ಬಿಳಿ ಅಭ್ಯಾಸಬಲದಿಂದ ಕ್ಯಾಸ್ಲಿಂಗ್ ಮಾಡಿದರೆ 7...ಕುದುರೆ ಜಿ4 8.ಎಚ್3 ರಾಣಿ ಡಿ6, ಎಚ್2ರಲ್ಲಿ ಮೇಟಿನ ಬೆದರಿಕೆ. 9.ಎಚ್×ಜಿ4?? ಎಚ್×ಜಿ4 ಆಗಿ ಎಚ್ ಸಾಲು ತೆರೆದರೆ ಆಟ ಮುಗಿದಂತೆ. 10.ಜಿ3 ಆಡಿದರೂ ರಾಣಿ×ಜಿ3 ಮೇಟ್, ಏಕೆಂದರೆ ಸಿ5ರ ಒಂಟೆ ಎಫ್2 ಪಾನನ್ನು ಪಿನ್ ಮಾಡಿ (ಅದು ಸರಿದರೆ ರಾಜನಿಗೇ ಚೆಕ್) ಕೂತಿದೆ. ಈ ಇಡೀ ದಾಳಿ ನಿಂತಿರುವುದು ಎರಡೇ ಸಂಗತಿಗಳ ಮೇಲೆ: ಬಿಳಿ ರಾಜ ಜಿ1ರಲ್ಲಿರಬೇಕು, ಕಪ್ಪು ಒಂಟೆಯ ಕರ್ಣ ತೆರೆದಿರಬೇಕು.

7.ಸಿ3! ಎರಡಕ್ಕೂ ಕಲ್ಲು ಹಾಕುತ್ತದೆ. ರಾಜ ಇ1ರಲ್ಲೇ ಉಳಿಯುವುದರಿಂದ ಎಚ್1 ಆನೆ ಎಚ್8 ಆನೆಗೆ ಎದುರಾಗಿಯೇ ಇರುತ್ತದೆ. ಮುಂದೆ ಡಿ4 ಬಂದರೆ ಒಂಟೆ ಬರೀ ಪಾನ್ ನೋಡುತ್ತ ಕೂರಬೇಕು. ಆದರೆ 7...ಕುದುರೆ ಜಿ4 8.ಡಿ4 ರಾಣಿ ಎಚ್4 9.ಜಿ3 ರಾಣಿ ಎಫ್6 10.ಎಫ್3 ಎಚ್4 ತನಕ ಹೋದಾಗ ಬೋರ್ಡ್ ನೋಡಿದ ಯಾರಿಗಾದರೂ ಬಿಳಿ ಸೋತ ಹಾಗೇ ಕಾಣುತ್ತದೆ. ಕಪ್ಪಿನ ಕುದುರೆ, ಒಂಟೆ ಎರಡೂ ಹೊಡೆತದಲ್ಲಿವೆ, ಆದರೂ ಯಾವುದನ್ನು ಮೊದಲು ಹೊಡೆಯುವುದು ಎಂಬ ಲೆಕ್ಕ ಹತ್ತದು. 11.ಎಫ್×ಜಿ4 ಎಚ್×ಜಿ3 ಆದರೆ ಎಫ್2ರ ಚೆಕ್ ತಲೆಮೇಲೆ ತೂಗುತ್ತಿರುತ್ತದೆ.

ಉತ್ತರ 11.ಆನೆ ಎಫ್1! ಏನನ್ನೂ ಹೊಡೆಯದ ನಡೆ. ಎಫ್2 ಭದ್ರವಾಯಿತು, ಮೇಲಾಗಿ ಎಫ್×ಜಿ4 ಆಡಿದ ಕ್ಷಣ ಆನೆಯ ಗುರಿ ನೇರ ಎಫ್6 ರಾಣಿ. 11...ಎಚ್×ಜಿ3 12.ಎಚ್×ಜಿ3 ಆನೆ ಎಚ್2 13.ಎಫ್×ಜಿ4, ಈಗ ರಾಣಿಯನ್ನು ಉಳಿಸಿಕೊಂಡರೆ ಸಿ5 ಒಂಟೆ ಹೋಗುತ್ತದೆ. ಹತ್ತನೇ ನಡೆಯಲ್ಲೇ ಒಂಟೆ ಡಿ6ಗೆ ಓಡಿದರೂ 11.ಇ5 ಫೋರ್ಕ್ (ರಾಣಿ, ಒಂಟೆ ಎರಡಕ್ಕೂ ಒಟ್ಟಿಗೇ ಬೆದರಿಕೆ) ಕಾದಿದೆ. ಕುದುರೆ ಕೊಟ್ಟು ಎರಡು ಪಾನ್ ಕಿತ್ತುಕೊಂಡು ಬಿಡಿಸಿಕೊಳ್ಳಬಹುದು, ಅಷ್ಟು ಸಾಲದು.

ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕಹಾಕುವ ಪ್ರೋಗ್ರಾಂ, ಸ್ಟಾಕ್‌ಫಿಶ್ ಅಂಥದ್ದೊಂದು) ಬಳಸುವವರಿಗೆ ಒಂದು ಮಾತು. ನಾಲ್ಕನೇ ನಡೆಯಲ್ಲಿ ಸ್ಟಾಕ್‌ಫಿಶ್ ಬಿಟ್ಟು ಕಾಫಿ ಕುಡಿಯಲು ಹೋದರೆ ಸಿಗುವುದು ಒಂದು ಸಂಖ್ಯೆ, ಕಾರಣವಲ್ಲ. ಮೊದಲು ಸಾಲಿನ ತುದಿಗೆ ಹೋಗಿ ಅಲ್ಲಿ ಓಡಿಸಿ, ಹ್ಯಾಶ್ (ಎಂಜಿನ್ ಆಗಲೇ ಮಾಡಿದ ಲೆಕ್ಕದ ನೆನಪು) ಅಳಿಸದೆ ಒಂದೊಂದೇ ನಡೆ ಹಿಂದೆ ಬನ್ನಿ. ಮಲ್ಟಿಪಿವಿ (ಒಮ್ಮೆಗೆ ಎಷ್ಟು ಉತ್ತಮ ಸಾಲು ತೋರಿಸಬೇಕೆಂಬ ಸೆಟ್ಟಿಂಗ್) 4 ಇಟ್ಟುಕೊಳ್ಳಿ. ಮೊದಲ ಸಾಲಿಗೂ ಎರಡನೆಯದಕ್ಕೂ ಭಾರಿ ಅಂತರ ಇರುವ ಕಡೆ ಬಿಳಿ ಅದೊಂದೇ ನಡೆ ಹುಡುಕಬೇಕು ಎಂದರ್ಥ, ಅಂಥ ಜಾಗಗಳನ್ನು ಗುರುತು ಹಾಕಿ. ಗ್ಯಾಂಬಿಟ್‌ನ ನಿಜವಾದ ಬಂಡವಾಳ ಅದೇ. ಇನ್ನೊಂದು: 15.1ನೇ ಆವೃತ್ತಿಯಿಂದ ಸ್ಟಾಕ್‌ಫಿಶ್ ತೋರಿಸುವ 1.00 ಎಂದರೆ ಒಂದು ಪಾನ್ ಹೆಚ್ಚು ಎಂದಲ್ಲ, ಎಂಜಿನ್ ತನ್ನೊಂದಿಗೇ ಆಡಿದರೆ ಗೆಲ್ಲುವ ಸಾಧ್ಯತೆ ಶೇ 50 ಎಂದು. ಹಳೇ ಪುಸ್ತಕದ ಅಂಕಿಗಳ ಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಎಂಜಿನ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು: ರಾಣಿಗಳನ್ನು ಬೋರ್ಡಿನಿಂದ ತೆಗೆದು ನೋಡಿ. ಕಪ್ಪು ಪಾನ್ ಕೊಡುವ ಇನ್ನೊಂದು ಆರಂಭವಾದ ಬೆಂಕೋ ಗ್ಯಾಂಬಿಟ್‌ನಲ್ಲಿ ರಾಣಿಗಳು ಹೋದಮೇಲೂ ಎ, ಬಿ ಸಾಲುಗಳ ಒತ್ತಡ ಹಾಗೇ ಉಳಿಯುತ್ತದೆ. ಸ್ಟಾಫರ್ಡ್‌ನಲ್ಲಿ ಉಳಿಯುವುದು ರೂಯ್ ಲೋಪೆಝ್ ಎಕ್ಸ್‌ಚೇಂಜ್‌ನ (ಬಿಳಿ ಒಂಟೆ ಕೊಟ್ಟು ಸಿ6ರ ಕುದುರೆ ಹೊಡೆಯುವ ಆರಂಭ) ಪಾನ್ ರಚನೆ: ಕಪ್ಪಿಗೆ ಸಿ ಸಾಲಿನ ಜೋಡಿ ಪಾನ್, ಬಿಳಿಗೆ ರಾಜನ ಕಡೆ ಮೂರಕ್ಕೆ ನಾಲ್ಕು. ಅಲ್ಲಾದರೋ ಕಪ್ಪಿಗೆ ಸಮಾಧಾನಕ್ಕೆ ಎರಡು ಒಂಟೆಗಳ ಜೋಡಿ ಇರುತ್ತದೆ. ಇಲ್ಲಿ ಬಿಳಿಗೂ ಎರಡೂ ಒಂಟೆಗಳಿವೆ, ಮೇಲೆ ಡಿ ಪಾನ್ ಬೋನಸ್.

ಮುಂದಿನ ಸರದಿ ಬುಡಾಪೆಸ್ಟ್ ಗ್ಯಾಂಬಿಟ್‌ನ ಫಯಾರೊವಿಚ್ ಕವಲು: 1.ಡಿ4 ಕುದುರೆ ಎಫ್6 2.ಸಿ4 ಇ5 3.ಡಿ×ಇ5 ಕುದುರೆ ಇ4. ಇಲ್ಲೂ ಬಲೆಗಳ ಸಂತೆಯೇ ಇದೆ, ಆದರೆ ಕಪ್ಪಿನ ಪಾನ್‌ಗಳು ಜೋಡಿಯಾಗಿಲ್ಲ, ಆದ್ದರಿಂದ ರಾಣಿ ತೆಗೆದ ಪರೀಕ್ಷೆಯಲ್ಲಿ ಇಷ್ಟು ಬೇಗ ಬೀಳಲಾರದು ಎಂಬ ಗುಮಾನಿ. ಮೊದಲು ಕೂರುವುದು 4.ಎ3 ಮೇಲೆ. ಬಿ4ರ ಒಂಟೆ ಚೆಕ್ ತಪ್ಪಿಸಿದಮೇಲೆ ಆ ಇ4 ಕುದುರೆಗೆ ಏನು ಕೆಲಸ ಉಳಿಯುತ್ತದೆ, ನೋಡಬೇಕು.