ಕ್ಲಿಪ್ ಹಾಕೋದೇ ಕಲಿಸಲ್ಲ, ಮತ್ಯಾಕೆ ಮೇಡಂ ಇಷ್ಟೊಂದು ವೈರ್ ಬಗ್ಗಿಸ್ಬೇಕು?

ಆರ್ಥೊಡಾಂಟಿಕ್ಸ್ (ವಕ್ರ ಹಲ್ಲು ಸರಿ ಮಾಡೋ ವಿಭಾಗ) ಲ್ಯಾಬ್‌ಗೆ ಹೊಸ ಬ್ಯಾಚ್ ಬಂದು ಎರಡು ವಾರ ಆಗಿರಲ್ಲ, ಯಾರಾದ್ರೂ ಒಬ್ರು ಈ ಪ್ರಶ್ನೆ ಕೇಳೇ ಕೇಳ್ತಾರೆ. ಬೆರಳ ತುದಿ ಕೆಂಪಾಗಿರತ್ತೆ, ಮೇಜಿನ ಮೇಲೆ ಮುರಿದ ವೈರ್ ತುಂಡುಗಳು, ಹತ್ತನೇ ಸಲ ಮಾಡಿದ ಕ್ಲಾಸ್ಪ್ (ಹಾಕಿ ತೆಗೆಯೋ ಪ್ಲೇಟನ್ನ ಹಲ್ಲಿಗೆ ಹಿಡಿದಿಡೋ ವೈರ್ ಕೊಂಡಿ) ಕೂಡ ಹಲ್ಲಿನ ಪ್ಲಾಸ್ಟರ್ ಮಾಡೆಲ್ ಮೇಲೆ ಕೂರ್ತಿಲ್ಲ. ಜೊತೆಗೆ ಮನೆಯವರು, ನೆಂಟರು ಎಲ್ಲ ಡೆಂಟಲ್ ಓದ್ತಿದೀಯಲ್ಲ ನಮ್ಮ ಮಗೂಗೆ ಕ್ಲಿಪ್ ಹಾಕ್ತೀಯಾ ಅಂತ ಕೇಳ್ತಿರ್ತಾರೆ, ಇಲ್ಲಿ ನೋಡಿದ್ರೆ ಕ್ಲಿಪ್‌ಗೆ ಹಲ್ಲಿನ ಮೇಲೆ ಅಂಟಿಸೋ ಬ್ರಾಕೆಟ್ ಮುಟ್ಟೋಕೇ ಸಿಕ್ಕಿಲ್ಲ. ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. ಕಾರಿಡಾರಲ್ಲಿ ನಿಂತು ಎರಡು ಮಾತಲ್ಲಿ ಹೇಳಿದ್ರೆ ಅರ್ಧಂಬರ್ಧ ಆಗತ್ತೆ, ಅದಕ್ಕೆ ಇಲ್ಲಿ ಪೂರ್ತಿ ಬರೀತಿದೀನಿ.

ಶುರುವಲ್ಲಿ ಕಲೀಬೇಕಾಗಿರೋದು ಮುಖ್ಯವಾಗಿ ಎರಡು: ಹಲ್ಲಿನ ಮೇಲೆ ಎಷ್ಟು ಬಲ ಬಿದ್ರೆ ಒಳಗೆ ಏನಾಗತ್ತೆ ಅನ್ನೋದು, ಮತ್ತೆ ಯಾವಾಗ ಕೈ ಹಾಕಬೇಕು ಯಾವಾಗ ಹಾಕಬಾರದು ಅನ್ನೋದು. ಮೊದಲನೇದನ್ನ ವೈರ್ ಕಲಿಸತ್ತೆ, ಎರಡನೇದನ್ನ ಪ್ಲಾಸ್ಟರ್ ಮಾಡೆಲ್ಲು ಮತ್ತೆ ಮಕ್ಕಳ ಬಾಯಿ ಕಲಿಸತ್ತೆ.

ಆಡಮ್ಸ್ ಕ್ಲಾಸ್ಪ್ ತಗೊಳ್ಳಿ. 0.7 ಮಿ.ಮೀ. ದಪ್ಪದ ಗಟ್ಟಿ ಸ್ಟೇನ್‌ಲೆಸ್ ಸ್ಟೀಲ್ ವೈರ್, ಮಧ್ಯೆ ಒಂದು ಬ್ರಿಡ್ಜ್, ಎರಡು ಕಡೆ ಬಾಣದ ಮೊನೆ ಥರ ಆರೋಹೆಡ್, ಆ ಮೊನೆಗಳು ದವಡೆ ಹಲ್ಲಿನ ಕೆನ್ನೆ ಕಡೆ ಎರಡು ಮೂಲೆಯ ಅಂಡರ್‌ಕಟ್‌ನಲ್ಲಿ (ಉಬ್ಬಿನ ಕೆಳಗೆ ಒಳಸರಿದ ಜಾಗದಲ್ಲಿ) ಹೋಗಿ ಕೂರ್ಬೇಕು, ಬ್ರಿಡ್ಜ್ ಹಲ್ಲಿಗೂ ತಾಗಬಾರದು ವಸಡಿಗೂ ತಾಗಬಾರದು, ಉಳಿದ ಎರಡು ತುದಿ ಹಲ್ಲಿನ ಸಂದಿ ಮೇಲೆ ಹಾದು ಒಳಗಡೆ ಪ್ಲೇಟಿನ ಅಕ್ರಿಲಿಕ್ ಸೇರ್ಬೇಕು. ಓದೋಕೆ ನಾಲ್ಕು ಸಾಲು, ಆದ್ರೆ ಮಾಡೋಕೆ ಕೂತಾಗಲೇ ಆ ಹಲ್ಲನ್ನ ನೀವು ಮೊದಲನೇ ಸಲ ಸರಿಯಾಗಿ ನೋಡೋದು. ಎಲ್ಲಿ ಉಬ್ಬಿದೆ, ಎಲ್ಲಿ ಒಳಗೆ ಹೋಗಿದೆ, ಚಿಕ್ಕ ಮಗುವಿನ ಅರ್ಧ ಹುಟ್ಟಿದ ಹಲ್ಲಾದ್ರೆ ಆ ಅಂಡರ್‌ಕಟ್ ವಸಡಿನ ಕೆಳಗೇ ಅಡಗಿರತ್ತೆ, ಹಾಗಾಗಿ ಮಾಡೆಲ್‌ನಲ್ಲಿ ಪ್ಲಾಸ್ಟರ್ ಸ್ವಲ್ಪ ಕೆರೆದು ಹುಡುಕ್ಬೇಕಾಗತ್ತೆ. ಅನಾಟಮಿ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಹಲ್ಲು ಇಲ್ಲಿ ಬೆರಳಿಗೆ ಸಿಗತ್ತೆ.

ಒಂದು ಸಲ ಒಬ್ಬ ವಿದ್ಯಾರ್ಥಿನಿ ಹಲ್ಲನ್ನ ತಳ್ಳೋ ಫಿಂಗರ್ ಸ್ಪ್ರಿಂಗ್ ಮಾಡ್ಕೊಂಡು ಬಂದಿದ್ಲು, ಕಾಯಿಲ್ ದುಂಡಗೆ, ತೋಳು ನೇರವಾಗಿ, ನೋಡೋಕೆ ತುಂಬ ಚೆನ್ನಾಗಿತ್ತು. ಬೆರಳ ತುದೀಲಿ ಒತ್ತಿ ನೋಡು ಅಂದೆ. ಒತ್ತಿದ್ಲು, ಅಲ್ಲಾಡ್ಲಿಲ್ಲ. 0.5 ಮಿ.ಮೀ. ವೈರ್ ಬದಲು ಕ್ಲಾಸ್ಪ್‌ಗೆ ಇಟ್ಟಿದ್ದ 0.7 ವೈರ್ ತಗೊಂಡುಬಿಟ್ಟಿದ್ಲು. ಬರೀ 0.2 ವ್ಯತ್ಯಾಸ ಅಲ್ವಾ ಮೇಡಂ ಅಂತ ಕೇಳಿದ್ಲು. ಆಗ ಅವಳ ಹತ್ರಾನೇ ಲೆಕ್ಕ ಮಾಡಿಸ್ದೆ: ದುಂಡು ವೈರಿನ ಸ್ಪ್ರಿಂಗ್ ಕೊಡೋ ಬಲ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರತ್ತೆ, ಉದ್ದದ ಮೂರನೇ ಘಾತಕ್ಕೆ ತಕ್ಕಂತೆ ಇಳಿಯತ್ತೆ. ಅಂದ್ರೆ 0.5 ಬದಲು 0.7 ಹಾಕಿದ್ರೆ ಅಷ್ಟೇ ದೂರ ಬಾಗಿಸಿದಾಗ ಬಲ ಹೆಚ್ಚುಕಮ್ಮಿ ನಾಲ್ಕು ಪಟ್ಟು, ಉದ್ದ ಎರಡು ಪಟ್ಟು ಮಾಡಿದ್ರೆ ಬಲ ಎಂಟನೇ ಒಂದು ಭಾಗ. ಸ್ಪ್ರಿಂಗ್‌ಗೆ ಕಾಯಿಲ್ ಸುತ್ತೋದು ಚಂದಕ್ಕಲ್ಲ, ಅಷ್ಟು ಚಿಕ್ಕ ಜಾಗದಲ್ಲಿ ವೈರಿನ ಉದ್ದ ಜಾಸ್ತಿ ಮಾಡೋಕೆ. ಈ ಸೂತ್ರ ಬೋರ್ಡ್ ಮೇಲೆ ನೂರು ಸಲ ಬರೆದ್ರೂ ತಲೆಗೆ ಹೋಗಲ್ಲ, ಅವತ್ತು ಅವಳ ಬೆರಳಿಗೆ ಹೋಯ್ತು.

ಬಲ ಜಾಸ್ತಿ ಆದ್ರೆ ಏನಾಯ್ತು, ಹಲ್ಲು ಬೇಗ ಸರಿಯತ್ತೆ ಅಲ್ವಾ ಅಂತ ಇನ್ನೊಬ್ಬ ಕೇಳ್ತಾನೆ. ಇಲ್ಲ ಕಣಪ್ಪ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಇರೋ ಪೆರಿಯೊಡಾಂಟಲ್ ಲಿಗಮೆಂಟ್ ಹೆಚ್ಚುಕಮ್ಮಿ 0.25 ಮಿ.ಮೀ. ಅಗಲ ಅಷ್ಟೇ. ಹದವಾದ ಬಲ ಬಿದ್ರೆ ಒತ್ತಡ ಬಿದ್ದ ಕಡೆ ಮೂಳೆ ಕರಗತ್ತೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟತ್ತೆ, ಹಲ್ಲು ತಿಂಗಳಿಗೆ ಸುಮಾರು ಒಂದು ಮಿ.ಮೀ. ಸರಿಯತ್ತೆ. ಬಲ ಮಿತಿ ಮೀರಿದ್ರೆ ಆ ಸಣ್ಣ ಜಾಗದಲ್ಲಿರೋ ರಕ್ತನಾಳ ಹಿಸುಕಿ ಹೋಗತ್ತೆ, ಅಲ್ಲಿನ ಜೀವಕೋಶ ಸಾಯತ್ತೆ, ಮೂಳೆ ಕರಗಿಸೋ ಕೋಶಗಳು ಪಕ್ಕದಿಂದ ಹಿಂದಿನಿಂದ ಸುತ್ತು ಹಾಕಿ ಬರ್ಬೇಕು, ಅಲ್ಲಿವರೆಗೆ ಹಲ್ಲು ವಾರಗಟ್ಟಲೆ ಇದ್ದಲ್ಲೇ ನಿಲ್ಲತ್ತೆ, ನೋವು ಬೇರೆ. ಇಲ್ಲೇ ಹೊಸಬರು ಎಡವೋದು. ಹಲ್ಲು ಸರೀತಿಲ್ಲ ಅಂತ ಸ್ಪ್ರಿಂಗ್ ಇನ್ನೂ ಟೈಟ್ ಮಾಡ್ತಾರೆ. ಸಂಶೋಧಕ ಷ್ವಾರ್ಟ್ಸ್ 1932ರಲ್ಲೇ ಬೇರಿನ ಮೇಲೆ ಚದರ ಸೆಂ.ಮೀ.ಗೆ 20ರಿಂದ 26 ಗ್ರಾಂ ಅಂತ ಹೇಳಿದ್ದು ಇದೇ ಕಾರಣಕ್ಕೆ, ಲೋಮನಾಳದ (ಅತಿ ಸಣ್ಣ ರಕ್ತನಾಳದ) ಒತ್ತಡ ಮೀರಬಾರದು ಅಂತ. ಗೇಜ್ ಹಿಡಿದು ನಿಮ್ಮದೇ ಸ್ಪ್ರಿಂಗ್‌ನ ಬಲ ಅಳೆದು ನೋಡಿ, 50 ಗ್ರಾಂ ಅನ್ನೋದು ಎಷ್ಟು ಮೆತ್ತಗಿನ ಒತ್ತು ಅಂತ ಗೊತ್ತಾದಾಗ ಎಲ್ಲರಿಗೂ ಆಶ್ಚರ್ಯ ಆಗತ್ತೆ.

ಇನ್ನು ಮಾಡೆಲ್. ಮೇಲಿನ ಕೆಳಗಿನ ಹಲ್ಲು ಕೂಡೋ ರೀತಿಗೆ ಎಡ್ವರ್ಡ್ ಆಂಗಲ್ 1899ರಲ್ಲಿ ಕೊಟ್ಟ ವರ್ಗೀಕರಣ ಇವತ್ತಿಗೂ ಮೊದಲ ಪಾಠ, ಮೇಲಿನ ಮೊದಲ ದವಡೆ ಹಲ್ಲಿನ ಮುಂದಿನ ಕೆನ್ನೆ ಕಡೆಯ ಕಸ್ಪ್, ಅಂದ್ರೆ ಮೊನೆ, ಕೆಳಗಿನ ಮೊದಲ ದವಡೆ ಹಲ್ಲಿನ ಕೆನ್ನೆ ಕಡೆಯ ಗ್ರೂವ್‌ನಲ್ಲಿ ಕೂತ್ರೆ ಕ್ಲಾಸ್ ಒಂದು, ಕೆಳಗಿನ ಹಲ್ಲು ಹಿಂದಿದ್ರೆ ಎರಡು, ಮುಂದಿದ್ರೆ ಮೂರು. ಇದನ್ನ ಕಲಿಯೋಕೆ ಹತ್ತು ನಿಮಿಷ ಸಾಕು, ತೊಂದರೆ ಶುರುವಾಗೋದೂ ಅಲ್ಲಿಂದಲೇ, ಯಾಕಂದ್ರೆ ಹೆಸರು ಇಟ್ಟ ತಕ್ಷಣ ಕೆಲಸ ಮುಗೀತು ಅನ್ಸಿಬಿಡತ್ತೆ. ಒಂದು ಮಗೂಗೆ ಹುಳುಕಾಗಿ ಮೇಲಿನ ಎರಡನೇ ಹಾಲು ದವಡೆ ಹಲ್ಲು ಬೇಗ ತೆಗೆಸಿದ್ರು ಅಂತಿಟ್ಕೊಳ್ಳಿ, ಹಿಂದಿನ ಕಾಯಂ ಹಲ್ಲು ಖಾಲಿ ಜಾಗಕ್ಕೆ ಜಾರಿಕೊಂಡು ಮುಂದೆ ಬರತ್ತೆ, ಮಾಡೆಲ್ ನೋಡಿದ್ರೆ ಕ್ಲಾಸ್ ಎರಡು, ದವಡೆ ನೋಡಿದ್ರೆ ಏನೂ ತೊಂದರೆ ಇಲ್ಲ. ಇಬ್ಬರು ಮಕ್ಕಳು, ಅದೇ ಕ್ಲಾಸ್ ಎರಡು, ಒಬ್ಬನಿಗೆ ಕೆಳದವಡೆ ಚಿಕ್ಕದು, ಇನ್ನೊಬ್ಬನಿಗೆ ಜಾಗ ಹೋಗಿದೆ ಅಷ್ಟೇ, ಚಿಕಿತ್ಸೆ ಪೂರ್ತಿ ಬೇರೆ ಬೇರೆ. ಅದಕ್ಕೇ ನಾನು ಯಾವ ಕ್ಲಾಸ್ ಅಂತ ಕೇಳಿ ಬಿಡಲ್ಲ, ಯಾಕೆ ಹೀಗಾಗಿದೆ ಅಂತಾನೂ ಕೇಳ್ತೀನಿ. ಸೆಫಲೊಗ್ರಾಮ್ (ತಲೆಯ ಪಕ್ಕದಿಂದ ತೆಗೆದ ಎಕ್ಸ್‌ರೇ) ಟ್ರೇಸಿಂಗ್ ಕೂಡ ಇದೇ ಪ್ರಶ್ನೆಗೆ, ಮೇಲ್ದವಡೆ ಕೆಳದವಡೆ ಎಷ್ಟು ಮುಂದಿವೆ ಅಂತ ತೋರಿಸೋ ಕೋನಗಳಾದ ಎಸ್‌ಎನ್‌ಎ 82, ಎಸ್‌ಎನ್‌ಬಿ 80 ಅನ್ನೋ ಸಂಖ್ಯೆ ಉರು ಹೊಡೆಯೋಕಲ್ಲ. ಮೂಗಿನ ಬುಡದ ನೇಸಿಯನ್ ಬಿಂದು ಸ್ವಲ್ಪ ಮುಂದಿದ್ರೂ ಹಿಂದಿದ್ರೂ ಆ ಕೋನ ಬದಲಾಗತ್ತೆ, ಹಾಗಾಗಿ ಮಗುವಿನ ಮುಖ ನೋಡದೆ ಬರೀ ಕೋನ ನಂಬಬೇಡಿ.

ಡಿವೈಡರ್ ಹಿಡಿದು ಹಲ್ಲಿನ ಅಗಲ ಅಳೆಯೋದು ಬೋರ್ ಅಂತೀರ. ಕೆಳಗಿನ ನಾಲ್ಕು ಮುಂದಿನ ಹಲ್ಲುಗಳ ಅಗಲ ಒಟ್ಟು 23 ಮಿ.ಮೀ. ಬಂತು ಅಂದ್ಕೊಳ್ಳಿ. ಅದರ ಅರ್ಧಕ್ಕೆ 10.5 ಸೇರಿಸಿ, 22 ಆಯ್ತು. ಇನ್ನೂ ಹುಟ್ಟೇ ಇರದ ಕೋರೆಹಲ್ಲು ಮತ್ತೆ ಅದರ ಹಿಂದಿನ ಎರಡು ಪ್ರೀಮೋಲಾರ್‌ಗೆ ಕೆಳಗೆ ಒಂದು ಪಕ್ಕದಲ್ಲಿ ಬೇಕಾಗೋ ಜಾಗ ಸುಮಾರು ಅಷ್ಟು, ಮೇಲಿನ ದವಡೆಗಾದ್ರೆ 11 ಸೇರಿಸ್ಬೇಕು. ಟನಾಕಾ ಮತ್ತೆ ಜಾನ್‌ಸ್ಟನ್ 1974ರಲ್ಲಿ ಕೊಟ್ಟ ಲೆಕ್ಕ ಇದು. ಎಂಟು ವರ್ಷದ ಮಗುವಿನ ಬಾಯಲ್ಲಿ ಮುಂದೆ ಜಾಗ ಸಾಲತ್ತೋ ಇಲ್ವೋ ಅಂತ ಎಕ್ಸ್‌ರೇ ಇಲ್ಲದೆ ಅಂದಾಜು ಮಾಡೋಕೆ ಆಗತ್ತಲ್ಲ, ನನಗಂತೂ ಇವತ್ತಿಗೂ ಇದು ಖುಷಿ ಕೊಡೋ ವಿಷಯ.

ಎರಡನೇ ಪಾಠ, ಕೈ ಹಾಕಬಾರದ ಸಮಯ. ಎಂಟು ವರ್ಷದ ಹುಡುಗನ್ನ ತಾಯಿ ಕರ್ಕೊಂಡು ಬಂದಿದ್ರು, ಮೇಲಿನ ಎರಡು ಮುಂದಿನ ಹಲ್ಲಿನ ಮಧ್ಯೆ ಗ್ಯಾಪ್, ಪಕ್ಕದ ಹಲ್ಲುಗಳು ಹೊರಗಡೆ ವಾಲಿವೆ. ಕೇಸ್ ತಗೊಂಡ ವಿದ್ಯಾರ್ಥಿ ಸ್ಪ್ರಿಂಗ್ ಹಾಕಿ ಮುಚ್ಚಿಬಿಡೋಣ ಮೇಡಂ, ಈಸಿ ಕೇಸ್ ಅಂದ. ತುಟಿ ಎತ್ತಿ ಪಕ್ಕದ ಹಲ್ಲಿನ ಬೇರಿನ ಹತ್ರ ವಸಡಿನ ಮೇಲೆ ತೋರುಬೆರಳು ಓಡಿಸು ಅಂದೆ. ಎರಡೂ ಕಡೆ ಗಟ್ಟಿಯಾಗಿ ಒಂದು ಉಬ್ಬು ಸಿಕ್ತು. ಅದು ಇಳೀತಿರೋ ಕೋರೆಹಲ್ಲು, ಅದರ ತಲೆ ಪಕ್ಕದ ಹಲ್ಲಿನ ಬೇರನ್ನ ಒತ್ತಿರೋದ್ರಿಂದ ಹಲ್ಲು ವಾಲಿದೆ, ಈಗ ಬಲವಂತವಾಗಿ ನೇರ ಮಾಡೋಕೆ ಹೋದ್ರೆ ಬೇರು ಕೋರೆಹಲ್ಲಿಗೆ ಒತ್ತಿ ಕರಗೋ ಅಪಾಯ ಇದೆ. ಗ್ಯಾಪ್ ಎರಡು ಮಿ.ಮೀ. ಒಳಗಿದ್ರೆ ಕೋರೆಹಲ್ಲು ಬಂದಾಗ ಸಾಮಾನ್ಯವಾಗಿ ತಾನಾಗೇ ಮುಚ್ಕೊಳ್ಳತ್ತೆ. ಅದಕ್ಕಿಂತ ದೊಡ್ಡದಿದ್ರೆ ಮಧ್ಯೆ ಹೆಚ್ಚುವರಿ ಹಲ್ಲೇನಾದ್ರೂ ಅಡಗಿದೆಯಾ ಅಂತ ಎಕ್ಸ್‌ರೇ ನೋಡ್ಬೇಕು. ತಾಯಿಗೆ ಇದನ್ನೆಲ್ಲ ವಿವರಿಸಿ ಹೇಳೋಕೆ ಅವನಿಗೆ ಇಪ್ಪತ್ತು ನಿಮಿಷ ಹಿಡೀತು, ಅವತ್ತು ಅವನು ಮಾಡಿದ ಅತಿ ಒಳ್ಳೆ ಆರ್ಥೊ ಕೆಲಸ ಅದೇ ಅಂತ ನಾನು ಅವನಿಗೆ ಹೇಳ್ದೆ.

ಅದೇ ಬೆರಳು ಹತ್ತು ವರ್ಷದ ಮಗುವಲ್ಲಿ ಓಡಿಸಿ ಉಬ್ಬು ಸಿಗದೇ ಇದ್ರೆ ಸುಮ್ನೆ ಕಾಯೋದು ತಪ್ಪು. ಕೋರೆಹಲ್ಲು ಅಂಗುಳಿನ ಕಡೆ ಹೋಗಿರಬಹುದು. ಎರಿಕ್ಸನ್ ಮತ್ತೆ ಕುರೋಲ್ 1988ರಲ್ಲಿ ಇಂಥ 46 ಕೋರೆಹಲ್ಲುಗಳಲ್ಲಿ ಹಾಲು ಕೋರೆಹಲ್ಲು ತೆಗೆದಿದ್ದಷ್ಟೇ, 36 ಸರಿ ದಾರಿಗೆ ಬಂದ್ವು. ಬ್ರಾಕೆಟ್ ಇಲ್ಲ, ವೈರ್ ಇಲ್ಲ, ಸರಿಯಾದ ವಯಸ್ಸಲ್ಲಿ ಒಬ್ಬ ಜನರಲ್ ಡೆಂಟಿಸ್ಟ್ ಬೆರಳಿಟ್ಟು ನೋಡಿದ್ದು, ಅನುಮಾನ ಪಟ್ಟಿದ್ದು, ಅಷ್ಟೇ ಸಾಕಾಗಿತ್ತು. ನಿಮ್ಮಲ್ಲಿ ಹೆಚ್ಚಿನವರು ಜನರಲ್ ಪ್ರಾಕ್ಟೀಸ್ ಮಾಡ್ತೀರ, ಮಕ್ಕಳು ಮೊದಲು ಬರೋದು ನಿಮ್ಮ ಹತ್ರಾನೇ, ಸ್ಪೆಷಲಿಸ್ಟ್ ಹತ್ರ ಅಲ್ಲ. ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂತು ಕಚ್ಚುವಾಗ ಕೆಳದವಡೆ ಒಂದು ಪಕ್ಕಕ್ಕೆ ಜಾರೋ ಕ್ರಾಸ್‌ಬೈಟ್, ಏಟು ಬಿದ್ರೆ ಮುರಿಯೋ ಹಾಗೆ ಮುಂದೆ ಚಾಚಿರೋ ಉಬ್ಬು ಹಲ್ಲು, ಇವನ್ನೂ ಮುಂದೂಡಬಾರದು.

ಸರಿ, ಬ್ರಾಕೆಟ್ ಅಂಟಿಸೋದು ಯಾವಾಗ ಅಂತೀರ. ಅಂಟಿಸೋದನ್ನ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು, ಟೈಪೊಡಾಂಟ್ (ನಕಲಿ ಹಲ್ಲಿನ ಸೆಟ್) ಮೇಲೆ ಮಾಡಿ ನೋಡೋದೂ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಒಂದು ಹಲ್ಲನ್ನ ಹಿಂದಕ್ಕೆ ಎಳೆದ್ರೆ ಅಷ್ಟೇ ಬಲದಲ್ಲಿ ಹಿಂದಿನ ಹಲ್ಲುಗಳು ಮುಂದಕ್ಕೆ ಬರೋಕೆ ನೋಡತ್ವೆ, ಅದನ್ನ ತಡೆಯೋ ಆಂಕರೇಜ್ ಪ್ಲಾನ್ ಶುರುವಲ್ಲೇ ಇಲ್ದಿದ್ರೆ ಹತ್ತನೇ ತಿಂಗಳಲ್ಲಿ ಏನು ಮಾಡ್ಬೇಕು ಅಂತ ತೋಚಲ್ಲ. ಬೇರೆ ಕಡೆ ಕ್ಲಿಪ್ ಹಾಕಿಸ್ಕೊಂಡು ಅರ್ಧದಲ್ಲಿ ನನ್ನ ಹತ್ರ ಬಂದ ಒಬ್ಬರು ಇದ್ರು, ಹಲ್ಲು ಸಾಲಾಗಿ ನಿಂತಿತ್ತು ನಿಜ, ಆದ್ರೆ ವಸಡಿನ ರೋಗ ಇದ್ದಿದ್ದನ್ನ ಶುರು ಮಾಡೋ ಮೊದಲು ಯಾರೂ ವಸಡಿನ ಸಂದಿಯ ಆಳ ಅಳೆಯೋ ಪ್ರೋಬ್ ಹಾಕಿ ನೋಡಿರಲಿಲ್ಲ, ಕೆಳಗಿನ ಮುಂದಿನ ಹಲ್ಲುಗಳು ಬೆರಳಲ್ಲಿ ಅಲ್ಲಾಡ್ತಿದ್ವು. ಅವರ ಮುಖ ನನಗೆ ಈಗ್ಲೂ ನೆನಪಿದೆ. ಅಲೈನರ್ (ಹಲ್ಲಿಗೆ ಹಾಕೋ ಪಾರದರ್ಶಕ ಪ್ಲಾಸ್ಟಿಕ್ ಕವಚ) ಆದ್ರೂ ಇದೇ ಮಾತು, ಪ್ಲಾಸ್ಟಿಕ್ ಒತ್ತಿದ್ರೂ ವೈರ್ ಒತ್ತಿದ್ರೂ ಲಿಗಮೆಂಟ್‌ಗೆ ಗೊತ್ತಾಗೋದು ಬಲ ಮಾತ್ರ.

ಕೊನೇದಾಗಿ, ಕ್ಲಾಸ್ಪ್ ಕೂರ್ತಿಲ್ಲ ಅಂತ ಕೇಳಿದವರಿಗೆ. ಬಗ್ಗಿಸುವಾಗ ಪ್ಲೈಯರ್ ವೈರನ್ನ ಗಟ್ಟಿಯಾಗಿ ಹಿಡ್ಕೊಂಡಿರ್ಲಿ ಸಾಕು, ಬಾಗಿಸೋ ಕೆಲಸ ಹೆಬ್ಬೆರಳಿಂದ ಆಗ್ಲಿ, ಆಗ ವೈರ್ ಮೇಲೆ ಪ್ಲೈಯರ್ ಗುರುತು ಬೀಳಲ್ಲ. ಬ್ರಿಡ್ಜ್ ಉದ್ದ ಮೊದಲೇ ಪೆನ್ಸಿಲ್‌ನಲ್ಲಿ ಗುರುತು ಮಾಡ್ಕೊಳ್ಳಿ, ಒಂದೊಂದು ಬೆಂಡ್ ಆದ್ಮೇಲೂ ಮಾಡೆಲ್ ಮೇಲೆ ಇಟ್ಟು ನೋಡಿ. ತಪ್ಪಾದ ಬೆಂಡನ್ನ ಹಿಂದಕ್ಕೆ ಮುಂದಕ್ಕೆ ಮಾಡಿ ಸರಿ ಮಾಡೋಕೆ ಹೋಗ್ಬೇಡಿ, ಅಲ್ಲಿ ಸ್ಟೀಲ್ ಗಡುಸಾಗಿ ಒಂದಿನ ಮಗುವಿನ ಬಾಯಲ್ಲೇ ಮುರಿಯತ್ತೆ. ಆ ತುಂಡು ಪಕ್ಕಕ್ಕಿಟ್ಟು ಹೊಸ ವೈರ್ ತಗೊಳ್ಳಿ.