ಪ್ರಬಂಧಕ್ಕೆ ಅಂಕ ಆಮೇಲೆ, ತಿದ್ದಿ ಬರೆಯುವುದು ಮೊದಲು

ಹೈಸ್ಕೂಲಿನ ಕನ್ನಡ ಪ್ರಬಂಧದ ನೋಟ್‌ಬುಕ್ ತೆರೆದರೆ ಕೊನೆಯಲ್ಲಿ ಒಂದು ಅಂಕ, ಪಕ್ಕದಲ್ಲಿ ‘ಇನ್ನೂ ವಿವರಿಸು’ ಎಂಬ ಷರಾ. ಮಕ್ಕಳು ಅಂಕ ನೋಡಿ ಪುಸ್ತಕ ಮುಚ್ಚುತ್ತಾರೆ, ಮುಂದಿನ ಪ್ರಬಂಧದಲ್ಲಿ ಮತ್ತದೇ ತಪ್ಪು. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಅದೇ ಪ್ರಬಂಧವನ್ನು ಮತ್ತೊಮ್ಮೆ ಬರೆಯಲು ಹೇಳದಿದ್ದರೆ ಆ ಷರಾ ಯಾತಕ್ಕೆ?

ಶಿಕ್ಷಣ ಮನೋವಿಜ್ಞಾನಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಷರಾ ಪಡೆದ ಮಕ್ಕಳ ಕೆಲಸ ಸುಧಾರಿಸಿತ್ತು. ಷರಾದ ಜೊತೆ ಅಂಕವನ್ನೂ ಪಡೆದವರದು ಸುಧಾರಿಸಲಿಲ್ಲ. ಅಲ್ಲಿ ಕೊಟ್ಟದ್ದು ಪ್ರಬಂಧವಲ್ಲ, ಬೇರೆ ಬಗೆಯ ಚಟುವಟಿಕೆಗಳು. ಆದರೂ ನಮ್ಮ ತರಗತಿಗಳಲ್ಲಿ ಕಾಣುವುದು ಇದನ್ನೇ. ಹಾಗಾಗಿ ಮೊದಲ ಕರಡಿಗೆ ಅಂಕ ಹಾಕಲೇಬೇಡಿ.

ಎಡಪುಟದಲ್ಲಷ್ಟೇ ಬರೆಯಿಸಿ, ಬಲಪುಟ ತಿದ್ದುಪಡಿಗೆ ಖಾಲಿ ಇರಲಿ. ಮೊದಲ ಓದಿನಲ್ಲಿ ವಿಷಯ ಮಾತ್ರ ನೋಡಿ, ಕಾಗುಣಿತ ಮುಟ್ಟಬೇಡಿ. ಪುಟವೆಲ್ಲ ಕೆಂಪಾದರೆ ಮಗು ಒತ್ತಕ್ಷರ ಸರಿಮಾಡಿ, ಟೊಳ್ಳು ವಾಕ್ಯವನ್ನು ಹಾಗೇ ಉಳಿಸುತ್ತದೆ. ಒಂದು ಪ್ರಬಂಧಕ್ಕೆ ಎರಡೇ ಷರಾ ಸಾಕು. ಆ ಎರಡೂ ಮಗು ಕೂಡಲೇ ಮಾಡಬಹುದಾದ ಕೆಲಸಗಳಾಗಿರಬೇಕು.

‘ಪ್ಲಾಸ್ಟಿಕ್ ಮಾಲಿನ್ಯ’ದ ಪ್ರಬಂಧವನ್ನೇ ತೆಗೆದುಕೊಳ್ಳಿ. ‘ಪ್ಲಾಸ್ಟಿಕ್‌ನಿಂದ ಅನೇಕ ತೊಂದರೆಗಳಿವೆ’ ಎಂದು ಬರೆದಿರುತ್ತಾರೆ. ಅಲ್ಲಿ ‘ವಿವರಿಸು’ ಎಂದರೆ ‘ಬಹಳ ಅನೇಕ ತೊಂದರೆಗಳಿವೆ’ ಎಂದು ತಿದ್ದಿ ತರುತ್ತಾರೆ. ಬದಲಿಗೆ, ‘ನಿಮ್ಮ ಬೀದಿಯಲ್ಲಿ ಕಂಡ ಒಂದೇ ತೊಂದರೆಯನ್ನು ಮೂರು ವಾಕ್ಯದಲ್ಲಿ ಬರೆ’ ಎಂದು ಕೇಳಿ. ಆಗ ‘ಹಾಲಿನ ಕವರ್‌ಗಳು ಚರಂಡಿಗೆ ಅಡ್ಡ ಸಿಕ್ಕಿ, ಮಳೆ ಬಂದಾಗ ನೀರು ರಸ್ತೆಗೆ ಬರುತ್ತದೆ’ ಎಂಬಂಥ ಸಾಲು ಬರುತ್ತದೆ. ಎರಡನೇ ಷರಾ ಯೋಚನೆಗೆ ಹಚ್ಚಲಿ: ‘ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದೆ. ಆದರೂ ಅಂಗಡಿಯಲ್ಲಿ ಯಾಕೆ ಸಿಗುತ್ತದೆ?’

ಗೈಡಿನಿಂದ ಬಾಯಿಪಾಠ ಮಾಡಿದ ಪೀಠಿಕೆ ಕಂಡರೆ ಬೈಯಬೇಡಿ. ಅದನ್ನು ಪೂರ್ತಿ ಹೊಡೆದುಹಾಕಿ, ಎರಡನೇ ಪ್ಯಾರಾದಿಂದಲೇ ಪ್ರಬಂಧ ಶುರುಮಾಡಿ ಓದಲು ಹೇಳಿ. ಬಹಳ ಸಲ ಏನೂ ಕಳೆದುಹೋಗಿರುವುದಿಲ್ಲ, ಅದು ಮಗುವಿಗೇ ಗೊತ್ತಾಗುತ್ತದೆ.

ತಿದ್ದಿ ಬರೆಯುವುದು ತರಗತಿಯಲ್ಲೇ ಆಗಲಿ, 20 ನಿಮಿಷ ಸಾಕು. ಮನೆಗೆ ಕಳಿಸಿದರೆ ಅಂದವಾದ ಅಕ್ಷರದಲ್ಲಿ ಹಳೆಯದೇ ನಕಲಾಗಿ ಬರುತ್ತದೆ. ಇಡೀ ಪ್ರಬಂಧ ಬೇಡ, ಷರಾ ಬಿದ್ದ ಪ್ಯಾರಾ ಮಾತ್ರ ಬಲಪುಟದಲ್ಲಿ ಬರೆಯಲಿ. ಮೇಲೆ ‘ಏನು ಬದಲಿಸಿದೆ, ಯಾಕೆ’ ಎಂದು ಒಂದು ಸಾಲು ಇರಲಿ. ಎರಡನೇ ಸಲ ನೋಡುವಾಗ ನೀವು ಮೊದಲು ಓದಬೇಕಾದದ್ದು ಆ ಸಾಲನ್ನೇ. ಅಂಕ ಹಾಕುವುದು ಆಮೇಲೆ.

ಕಾಗುಣಿತದ ಸರದಿ ಈಗ. ತಪ್ಪನ್ನು ನೀವೇ ತಿದ್ದಬೇಡಿ, ಸಾಲಿನ ಅಂಚಿನಲ್ಲಿ ಗುರುತು ಹಾಕಿ: ‘ಕಾ’ ಕಾಗುಣಿತಕ್ಕೆ, ‘ವಿ’ ವಿಭಕ್ತಿಗೆ, ‘ಕ್ರಿ’ ಕ್ರಿಯಾಪದಕ್ಕೆ. ‘ಮರಗಳು ನೆರಳು ಕೊಡುತ್ತದೆ’ ಎಂಬ ಸಾಲಿಗೆ ‘ಕ್ರಿ’ ಬಿದ್ದರೆ ಹುಡುಕಿ ‘ಕೊಡುತ್ತವೆ’ ಮಾಡುವುದು ಮಗುವಿನ ಕೆಲಸ. ಅಕಾರ-ಹಕಾರ, ಅಲ್ಪಪ್ರಾಣ-ಮಹಾಪ್ರಾಣದ ತಪ್ಪುಗಳು ಹಾಗಲ್ಲ. ಅವು ಮಗು ಆಡುವ ಮಾತಿನಿಂದಲೇ ಬರುವುದರಿಂದ ಓದಿಕೊಂಡರೂ ಸಿಗುವುದಿಲ್ಲ. ಅವನ್ನು ನೀವೇ ತೋರಿಸಿ, ಪುಸ್ತಕದ ಕೊನೆಯ ಪುಟದಲ್ಲಿ ಅವರದೇ ಪಟ್ಟಿ ಮಾಡಿಸಿ. ಮುಂದಿನ ಪ್ರಬಂಧ ಒಪ್ಪಿಸುವ ಮೊದಲು ಆ ಪಟ್ಟಿ ಇಟ್ಟುಕೊಂಡು ಒಮ್ಮೆ ನೋಡಲಿ.